ಎಡಗಡೆ ಸೀಟಿನ ಕಾಗದ

ಓದು ಬಂದವರಿಗೆ ಒಂದು ಕಾಯಿಲೆಯಿದೆ. ಕಾಗದದಲ್ಲಿ ಏನು ಬರೆದಿದೆ ಎಂಬುದಕ್ಕಿಂತ ಅದು ಯಾವ ಫೈಲಿಗೆ ಸೇರುತ್ತದೆ ಎಂಬುದೇ ಅವರಿಗೆ ಮುಖ್ಯ. ಓದಿದವರೆಲ್ಲರ ಮೇಲೂ ಈ ಆರೋಪ ಹೊರಿಸುವುದು ತಪ್ಪಾದರೆ, ನನಗೊಬ್ಬನಿಗೇ ಇದೆ ಎಂದು ಒಪ್ಪಿಕೊಳ್ಳುತ್ತೇನೆ. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಹಗಲು ಅಪ್ಪನ ಜೊತೆ ಹಲಸೂರಿನ ಮನೆಗಳಿಗೆ ಸುಣ್ಣ ಬಳಿದು, ಸಂಜೆ ಕಾಲೇಜಿಗೆ ಹೋಗಿ ಬಿ.ಕಾಂ. ಮುಗಿಸಿದೆ, ನನ್ನ ಉತ್ತರಪತ್ರಿಕೆಗಳ ಮೇಲೂ ಸುಣ್ಣ ಉದುರಿದೆ. ಈ ಹೆಮ್ಮೆಯನ್ನು ನಾನು ಮುಚ್ಚಿಡುವವನಲ್ಲ. ಅಂದಿನಿಂದ ನೆಂಟರಿಷ್ಟರಲ್ಲಿ ಯಾರಿಗೆ ಯಾವ ಕಾಗದ ಬಂದರೂ, ಕರೆಂಟ್ ಬಿಲ್ಲಾಗಲಿ ಕೋರ್ಟ್ ನೋಟಿಸಾಗಲಿ, ಬಾಣಸವಾಡಿಯ ನಮ್ಮ ಮನೆಗೆ ತಂದು, "ನೋಡಪ್ಪಾ, ಏನಂತೆ?" ಎನ್ನುತ್ತಾರೆ. ನಾನು ಕನ್ನಡಕ ಹಾಕಿಕೊಂಡು, ಅರ್ಥವಾದ ಮೇಲೂ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳುತ್ತೇನೆ. ಥಟ್ಟನೆ ಹೇಳಿಬಿಟ್ಟರೆ ಓದಿಗೆ ಮರ್ಯಾದೆ ಸಿಗುವುದಿಲ್ಲ.

ಇಂಥ ನನಗೇ ಒಂದು ದಿನ ಕಾಗದ ಬಂತು. ನಮ್ಮ ಹಳೆಯ ಕಾರನ್ನು ತಯಾರಿಸಿದ ಕಂಪನಿ ಬರೆದಿತ್ತು. ಅದು ತಯಾರಾದ ವರ್ಷದ ಕಾರುಗಳ ಏರ್‌ಬ್ಯಾಗಿನಲ್ಲಿ ದೋಷವಿರಬಹುದು, ಕಾರು ತಂದರೆ ಪುಕ್ಕಟೆಯಾಗಿ ಬದಲಿಸಿಕೊಡುತ್ತೇವೆ ಎಂದು. ಇದಕ್ಕೆ ರೀಕಾಲ್ ಎನ್ನುತ್ತಾರೆ. ಸ್ವಲ್ಪ ಕಡಿಮೆ ಓದಿದ್ದರೆ ಮರುದಿನವೇ ಹೋಗಿಬಿಡುತ್ತಿದ್ದೆ. ಆದರೆ ನಾನು ಸರ್ಕಾರಿ ಕಚೇರಿಯ ಸೂಪರಿಂಟೆಂಡೆಂಟ್. ನೌಕರನ ಸೇವಾ ಪುಸ್ತಕದಲ್ಲಿ ಒಂದು ಕೆಟ್ಟ ಸಾಲು ಬಿದ್ದರೆ, ಬಡ್ತಿಯ ಹೊತ್ತಿಗೆ ಸರಿಯಾಗಿ ಆ ಪುಟವೇ ತೆರೆದುಕೊಳ್ಳುತ್ತದೆ; ಸಾಲು ಬೀಳದಿದ್ದರೆ ದೋಷವೇ ಇಲ್ಲ. ನಮ್ಮಲ್ಲಿ ಒಬ್ಬ ಗುಮಾಸ್ತರು ಮಧ್ಯಾಹ್ನ ಊಟಕ್ಕೆಂದು ಎದ್ದರೆ ಸಂಜೆ ಬರುತ್ತಿದ್ದರು. ಯಾರೂ ಬರೆದಿಡಲಿಲ್ಲ. "ಕಳಂಕರಹಿತ ಸೇವೆ" ಎಂದು ಹೊಗಳಿಸಿಕೊಂಡು, ಹಾರ ಹಾಕಿಸಿಕೊಂಡು ನಿವೃತ್ತರಾದರು. ಆ ಹೊಗಳಿಕೆಯ ಒಕ್ಕಣೆ ನನ್ನದೇ.

ಕಾರಿಗೂ ಇದೇ ನಿಯಮ ಎಂದುಕೊಂಡೆ. ರಿಪೇರಿಗೆ ಬಿಟ್ಟರೆ ಸರ್ವಿಸ್ ದಾಖಲೆಯಲ್ಲಿ "ದೋಷ" ಎಂದು ಬೀಳುತ್ತದೆ, ಮಾರುವಾಗ ಬೆಲೆಯೂ ಬೀಳುತ್ತದೆ. ಮಾರುವ ಮಾತು ಆಗಲೇ ನಡೆದಿತ್ತು. ನನ್ನ ಹೆಂಡತಿ ಗಿರಿಜೆಗೆ ಮಂಡಿನೋವು. ಆ ತಗ್ಗು ಕಾರಿನಿಂದ ಇಳಿಯುವಷ್ಟರಲ್ಲಿ ನಾಲ್ಕು ದೇವರನ್ನು ಕರೆಯುತ್ತಿದ್ದಳು. ಒಳ್ಳೆಯ ಬೆಲೆ ಬಂದರೆ ಎತ್ತರದ ಕಾರು ಕೊಳ್ಳಬಹುದಿತ್ತು. ಹಾಗಾಗಿ ಕಾಗದವನ್ನು ಬೀರುವಿನಲ್ಲಿ ಹಾಸಿದ್ದ ಪೇಪರಿನ ಅಡಿಗೆ ತಳ್ಳುವಾಗ, ಇದನ್ನೆಲ್ಲ ಅವಳಿಗಾಗಿಯೇ ಮಾಡುತ್ತಿದ್ದೇನೆ ಎಂದು ನನ್ನ ಕಣ್ಣೇ ತೇವವಾಯಿತು.

ಎಂಟು ತಿಂಗಳ ನಂತರ ಇಬ್ಬರೂ ಕಾರು ತೆಗೆದುಕೊಂಡು ಶಿವಾಜಿನಗರದ ಫಯಾಜ್ ಭಾಯ್ ಬಳಿಗೆ ಹೋದೆವು. ಹಳೆಯ ಕಾರುಗಳ ವ್ಯಾಪಾರ ಅವರದು. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, "ಗಾಡಿ ಮಸ್ತ್ ಇಟ್ಟಿದೀರ ಸಾರ್" ಎಂದರು. ಬೆಲೆಯೂ ಕುದುರಿತು. ಆಮೇಲೆ ಫೋನಿನಲ್ಲಿ ಕಂಪನಿಯ ವೆಬ್‌ಸೈಟ್ ತೆರೆದು, ಆರ್.ಸಿ. ನೋಡಿ ಚಾಸಿಸ್ ನಂಬರ್ ಒತ್ತಿದರು.

"ಅರೇ ಸಾರ್, ರೀಕಾಲ್ ಪೆಂಡಿಂಗ್ ಇದೆಯಲ್ಲ. ಮಾಡ್ಸಿಲ್ವಾ?"

"ದಾಖಲೆಗೆ ಬರೋದು ಬೇಡ ಅಂತ..." ಎಂದೆ.

"ಕಂಪನಿ ದಾಖಲೇಲಿ ಯಾವಾಗ್ಲೋ ಬಂದಿದೆ ಸಾರ್! ಮಾಡ್ಸಿದ್ರೆ ಆಗಿದೆ ಅಂತ ತೋರ್ಸುತ್ತೆ, ಯಾರೂ ಒಂದ್ ಪೈಸಾ ಇಳ್ಸಲ್ಲ. ಮಾಡ್ಸಿಲ್ಲ ಅಂದ್ರೆ ಗಿರಾಕಿ ಏನಂತಾನೆ? ಪುಕ್ಕಟೆ ಕೆಲ್ಸಾನೇ ಮಾಡ್ಸಿಲ್ಲ, ಇನ್ನೇನೇನ್ ಮುಚ್ಚಿಟ್ಟಿದಾನೋ ಅಂತಾನೆ. ಹೀಗೇ ಬಿಟ್ಟು ಹೋದ್ರೆ ನಲವತ್ತು ಸಾವಿರ ಕಮ್ಮಿ. ಬೇಜಾರ್ ಮಾಡ್ಕೋಬೇಡಿ."

ನಾನು ಬೇಜಾರು ಮಾಡಿಕೊಳ್ಳುವಷ್ಟರಲ್ಲಿ ಗಿರಿಜೆ ಬಾಯಿ ಹಾಕಿದಳು. "ಏನ್ ರಿಪೇರಿ ಭಾಯ್ ಅದು?"

"ಏರ್‌ಬ್ಯಾಗು ಮೇಡಂ. ಮುಂದಿನ ಸೀಟು, ಎಡಗಡೇದು. ಡಿಕ್ಕಿ ಆದ್ರೆ ತಗಡಿನ ಚೂರು ಸಿಡೀಬೋದು ಅಂತ ಹಾಕಿದಾರೆ."

ಗಿರಿಜೆ ಕಾರಿನ ಕಡೆ ತಿರುಗಿದಳು. "ಎಡಗಡೆ ಯಾರ್ರೀ ಕೂತ್ಕೊಳ್ಳೋದು?"

ಎಷ್ಟೋ ಆಡಿಟ್ ಆಕ್ಷೇಪಣೆಗಳಿಗೆ ಉತ್ತರ ಬರೆದವನು ನಾನು. ಫಯಾಜ್ ಭಾಯ್ ಕೈಯಿಂದ ಆರ್.ಸಿ. ಇಸಿದುಕೊಂಡು ಅದನ್ನೇ ಓದತೊಡಗಿದೆ.

"ಕಾಗದ ಬಂದು ಎಷ್ಟ್ ದಿನ ಆಯ್ತು?"

"ಎಂಟು ತಿಂಗಳು."

"ಪೂರ್ತಿ ಓದಿದ್ರಾ?"

ಪೂರ್ತಿ ಓದಿದ್ದೆ. ಎಡಗಡೆ ಎಂಬ ಪದವನ್ನೂ ಓದಿದ್ದೆ. ಅದು ಕಾರಿನ ಒಂದು ಜಾಗವಾಗಿ ಕಂಡಿತ್ತೇ ಹೊರತು, ಅಲ್ಲಿ ಒಬ್ಬಳು ತರಕಾರಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾಳೆ ಎಂದು ಹೊಳೆದಿರಲಿಲ್ಲ. ಫಯಾಜ್ ಭಾಯ್ ವ್ಯಾಪಾರ ನಿಲ್ಲಿಸಿ ಚಹಾ ತರಿಸಿದರು. ಒಂದೇ ಲೋಟ. ಅದು ಗಿರಿಜೆಗೆ. ಅವಳು ಕುಡಿದು, ಆಟೋ ಹತ್ತಿ ಮನೆಗೆ ಹೋದಳು.

ಮರುದಿನ ರಜೆ ಹಾಕಿ ಸರ್ವಿಸ್ ಸೆಂಟರಿಗೆ ಓಡಿದೆ. ಅರ್ಧ ದಿನದ ಕೆಲಸ. ಫೋನಿನಲ್ಲಿ "ಪೂರ್ಣಗೊಂಡಿದೆ" ಎಂದು ಕಂಡಿತು, ಫಯಾಜ್ ಭಾಯ್ ಮೊದಲು ಹೇಳಿದ ಬೆಲೆಯನ್ನೇ ಕೊಟ್ಟರು. ಎತ್ತರದ ಕಾರು ಬಂತು. ಪೂಜೆ ಮಾಡಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಎಡಗಡೆಯ ಬಾಗಿಲು ತೆರೆದು ಹಿಡಿದೆ. ಗಿರಿಜೆ ಹಿಂದಿನ ಬಾಗಿಲು ತೆಗೆದು ಹಿಂದೆ ಕೂತಳು.

"ಇದು ಬೇರೆ ಕಾರು ಕಣೇ. ಇದಕ್ಕೆ ಯಾವ ಕಾಗದಾನೂ ಬಂದಿಲ್ಲ."

"ಬಂದಿಲ್ಲ ಅಂತ ಹೇಳ್ತಿರೋದು ಯಾರು? ನೀವೇ ತಾನೆ?"

ಅಂದಿನಿಂದ ಹಾಗೆಯೇ ಓಡಾಡುತ್ತಿದ್ದೇವೆ. ಕಳೆದ ಭಾನುವಾರ ಕಾಕ್ಸ್‌ಟೌನಿನ ಬೇಕರಿಗೆಂದು ಹೊರಟು ಬಾಣಸವಾಡಿ ರೈಲ್ವೆ ಸ್ಟೇಷನ್ನಿನ ಬಳಿ ನಿಂತಿದ್ದಾಗ, ಸೂಟ್‌ಕೇಸು ಹಿಡಿದವನೊಬ್ಬ ಕಿಟಕಿಗೆ ಬಗ್ಗಿದ. "ಗುರು, ಮೇಡಂನ ಇಳಿಸಿ ಕೆ.ಆರ್. ಪುರಂಗೆ ಬರ್ತೀರಾ?" ನನ್ನ ಹುದ್ದೆ ಯಾವುದೆಂದು ಅವನಿಗೆ ತಿಳಿಸಲು ನಾನು ಗಂಟಲು ಸರಿಮಾಡಿಕೊಂಡೆ.

ಹಿಂದಿನಿಂದ ಗಿರಿಜೆ, "ನಾವೂ ಆ ಕಡೇಗೇ ಹೋಗ್ತಿರೋದು. ಹತ್ತಿ, ಮುಂದಿನ ಸೀಟು ಖಾಲಿ ಇದೆ" ಎಂದಳು.

ಕಾಕ್ಸ್‌ಟೌನ್ ಇದ್ದದ್ದು ಅದರ ವಿರುದ್ಧ ದಿಕ್ಕಿಗೆ. ಗೇರು ಹಾಕಿದೆ. ಕೆ.ಆರ್. ಪುರಂನಲ್ಲಿ ಇಳಿಯುವಾಗ ಆತ ನನ್ನ ಭುಜ ತಟ್ಟಿ, "ಒಳ್ಳೇ ಜನ ಗುರು ನೀವು, ಹುಷಾರಾಗಿ ಓಡಿಸ್ತೀರ" ಎಂದ. ಈಚೆಗೆ ನನ್ನ ಬಗ್ಗೆ ಒಳ್ಳೆಯ ಮಾತಾಡಿದವನು ಅವನೊಬ್ಬನೇ. ಆ ಎಡಗಡೆ ಸೀಟಿನಲ್ಲಿ ಅವನು ಕೂತದ್ದೂ ಅರ್ಧ ಗಂಟೆ ಮಾತ್ರ.