ಗಂಡನ ಲಿವರಿನ ಉದ್ಧಾರ

ಬೆಳಕು ಹರಿಯುವ ಮೊದಲು ನೀರಿನ ಮೋಟಾರು ಹಾಕಬೇಕು, ಟ್ಯಾಂಕು ತುಂಬಿ ಹರಿಯುವ ಮೊದಲು ಆರಿಸಬೇಕು. ಆ ನಡುವೆ ರಾತ್ರಿ ತೊಳೆದ ಪಾತ್ರೆಗಳನ್ನು ಜಾಗಕ್ಕೆ ಸೇರಿಸಿ, ಎಲ್ಲರ ಊಟದ ಡಬ್ಬಿಗಳಿಗೆ ತರಕಾರಿ ಹೆಚ್ಚಿ, ಅತ್ತೆಯ ಮಂಡಿಗೆ ಬಿಸಿನೀರಿನ ಚೀಲ ತುಂಬಿ, ಮಗಳ ಶಾಲೆಯ ಅಂಗಿಗೆ ಇಸ್ತ್ರಿ ಹಾಕಿ, ಅವಳ ಕಾಲುಚೀಲದ ಜೋಡಿಯಲ್ಲಿ ಕಾಣೆಯಾದ ಒಂದನ್ನು ಸೋಫಾದಡಿಯಿಂದ ಎಳೆದು ತೆಗೆಯಬೇಕು. ಇಷ್ಟೆಲ್ಲ ಆದ ಮೇಲೆ ನಮ್ಮ ಯಜಮಾನರು ಎದ್ದು ಬಂದು, ಕಿಟಕಿಯಾಚೆ ನೋಡಿ, "ಇವತ್ತು ಬೇಗ ಎಚ್ಚರ ಆಗ್ಬಿಡ್ತು ಕಣೇ" ಎನ್ನುತ್ತಾರೆ.

ಈ ಕೆಲಸಗಳ ಸಾಲಿಗೆ ಅವರ ಲಿವರ್ ಕೂಡ ಬಂದು ನಿಂತದ್ದು ಕಚೇರಿಯವರು ಮಾಡಿಸಿದ ರಕ್ತಪರೀಕ್ಷೆಯಿಂದ. ವರದಿಯಲ್ಲಿ ಯಾವುದೋ ಅಂಕಿಗಳ ಪಕ್ಕ ಮೇಲ್ಮುಖವಾದ ಬಾಣ. ಡಾಕ್ಟರಮ್ಮ ಹೇಳಿದ್ದು ಇಷ್ಟೇ: ಲಿವರಿನಲ್ಲಿ ಕೊಬ್ಬು ಕೂತಿದೆ, ದಿನಾ ನಡೆಯಿರಿ, ಕರಿದದ್ದು ಬಿಡಿ, ಕೆಲವು ತಿಂಗಳು ಬಿಟ್ಟು ಮತ್ತೆ ರಕ್ತ ಕೊಡಿ. ಔಷಧಿ ಬರೆಯಲೇ ಇಲ್ಲ. ಔಷಧಿ ಬರೆಯದ ಡಾಕ್ಟರನ್ನು ನಮ್ಮ ಮನೆಯಲ್ಲಿ ಯಾರು ನಂಬುತ್ತಾರೆ? ನಾದಿನಿಯಂತೂ ಫೋನಿನಲ್ಲೇ ತೀರ್ಪು ಕೊಟ್ಟಳು. ಅಣ್ಣನ ಲಿವರ್ ಕೆಟ್ಟಿದ್ದು ಅತ್ತಿಗೆಯ ಧಾರಾಳವಾದ ಎಣ್ಣೆ ಕೈಯಿಂದಂತೆ!

ನನ್ನ ಸ್ವಾಭಿಮಾನ ಸೆಟೆದು ನಿಂತಿತು. "ಮುಂದಿನ ರಿಪೋರ್ಟ್ ಬರ್ಲಿ" ಎಂದೆ. "ನಿಮ್ಮಣ್ಣನ ಲಿವರನ್ನ ಶೋಕೇಸಲ್ಲಿ ಇಡೋ ಹಾಗೆ ಮಾಡಿ ತೋರಿಸ್ತೀನಿ."

ಸಲಹೆಗಳಿಗೆ ಬರವಿರಲಿಲ್ಲ. ಮೇಲಿನ ಮನೆಯ ಮೇಷ್ಟ್ರು ನೆಲನೆಲ್ಲಿ ಪುಡಿ ಎಂದರು. ಅತ್ತೆ ಅಮೃತಬಳ್ಳಿಯ ಕಷಾಯ ಎಂದರು. ಫೋನಿನ ಪರದೆಯಲ್ಲಿ ಹೊಳೆಯುವ ಮುಖದ ಯುವತಿಯೊಬ್ಬಳು ಅರಿಶಿನದ ಸತ್ವ, ಗ್ರೀನ್ ಟೀ ಸತ್ವ, ಜೊತೆಗೆ ಹೆಸರು ಹೇಳಿದರೆ ನಾಲಿಗೆ ಉಳುಕುವಂಥ ಯಾವುದೋ ಮುಳ್ಳುಗಿಡದ ಕ್ಯಾಪ್ಸೂಲುಗಳನ್ನು ಒಟ್ಟಿಗೆ ನುಂಗಬೇಕೆಂದಳು. ನಾನು ಯಾರ ಮನಸ್ಸನ್ನೂ ನೋಯಿಸಲಿಲ್ಲ. ಎಲ್ಲವನ್ನೂ ತರಿಸಿದೆ! ಎಲ್ಲ ಬಾಟಲಿಗಳ ಮೇಲೂ ಒಂದು ಹಸಿರು ಎಲೆ, ಅದರ ಕೆಳಗೆ 'ಅಡ್ಡಪರಿಣಾಮವಿಲ್ಲ' ಎಂಬ ಅಭಯವಾಕ್ಯ.

ಅಂದಿನಿಂದ ನನ್ನ ಬೆಳಗು ಇನ್ನಷ್ಟು ಮುಂಚೆಯೇ ಆಗತೊಡಗಿತು. ಬಳ್ಳಿ ಜಜ್ಜು, ಕುದಿಸು, ಕಾಲುಭಾಗಕ್ಕೆ ಇಳಿಸು, ಸೋಸು, ಹಿಂದೆಯೇ ಕರಿಹಿಡಿದ ಪಾತ್ರೆಯನ್ನು ತಿಕ್ಕು. ಲೋಟದ ಪಕ್ಕ ಬಟ್ಟಲಲ್ಲಿ ಮಾತ್ರೆಗಳನ್ನು ಜೋಡಿಸಿಟ್ಟು ಕರೆದರೆ ಸ್ನಾನದ ಮನೆಯಿಂದ ಉತ್ತರ ಬರುತ್ತಿತ್ತು: "ಅಲ್ಲೇ ಇಟ್ಟಿರು, ತಗೋತೀನಿ."

ನಾನು ಅಲ್ಲೇ ಇಟ್ಟು ಮಗಳ ಜಡೆಗೆ ಓಡುತ್ತಿದ್ದೆ. ಎಲ್ಲರನ್ನೂ ಕಳಿಸಿ ಬಂದು ನೋಡಿದರೆ ಮೇಜಿನ ಮೇಲೆ ಮಗಳು ಕಚ್ಚಿಟ್ಟ ಸೇಬು, ಅತ್ತೆ ಬಿಟ್ಟ ಬ್ರೆಡ್ಡಿನ ಅಂಚು, ಇವರ ಕಷಾಯ, ಇವರ ಮಾತ್ರೆ. ಅಯ್ಯೋ, ಅವಸರದಲ್ಲಿ ಇವತ್ತೊಂದು ದಿನ ಮರೆತಿರಬೇಕು ಎಂದುಕೊಳ್ಳುತ್ತಿದ್ದೆ. ಹಾಗೆ ಪ್ರತಿದಿನವೂ ಅಂದುಕೊಂಡೆ! ನಮ್ಮ ಮನೆಯಲ್ಲಿ ಮೇಜಿನ ಮೇಲೆ ಉಳಿದದ್ದು ಕೊನೆಗೆ ಕೂರುವವಳ ಪಾಲು. ಕೊನೆಗೆ ಕೂರುವವಳು ಯಾರೆಂದು ಬೇರೆ ಹೇಳಬೇಕೇ? ಅಷ್ಟು ಹೊತ್ತು ಕುದಿಸಿದ್ದನ್ನು ಬಚ್ಚಲಿಗೆ ಸುರಿಯಲು ಕೈ ಬರುವುದಿಲ್ಲ. ಒದ್ದೆ ಕೈಯಿಂದ ತೆಗೆದ ಮಾತ್ರೆಯನ್ನು ಬಾಟಲಿಗೆ ಮರಳಿ ಹಾಕುವಂತಿಲ್ಲ. ಸೇಬಿನ ಹಿಂದೆ ಬ್ರೆಡ್ಡು, ಬ್ರೆಡ್ಡಿನ ಹಿಂದೆ ಮಾತ್ರೆ, ಎಲ್ಲದರ ಮೇಲೆ ಕಷಾಯ ಸುರಿದುಕೊಂಡು ನಾನು ಕೆಲಸಕ್ಕೆ ಓಡುತ್ತಿದ್ದೆ. ರಾತ್ರಿಯ ಸರದಿಯೂ ಹೀಗೆಯೇ. ಊಟ ಮುಗಿದದ್ದೇ ಇವರು ಚಪ್ಪಲಿ ಮೆಟ್ಟಿ ವಾಕಿಂಗಿಗೆ ಹೊರಟುಬಿಡುತ್ತಿದ್ದರು.

ಕೆಲವು ವಾರಗಳಲ್ಲಿ ನನಗೆ ಹೊಟ್ಟೆ ತೊಳಸತೊಡಗಿತು. ಅನ್ನ ಬೇಯುವ ವಾಸನೆಗೇ ವಾಕರಿಕೆ. ಅತ್ತೆ ನನ್ನನ್ನು ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿಕೊಂಡು, "ಈ ವಯಸ್ಸಲ್ಲಿ ಬೇಕಿತ್ತೇನಮ್ಮ ಇದೆಲ್ಲ?" ಎಂದು ಪಿಸುಗುಟ್ಟಿದರು. ನಾನು ಇಲ್ಲ ಎಂದಷ್ಟೂ ಅವರಿಗೆ ಹೌದೆನಿಸಿತು. ಸಂಜೆಯ ಹೊತ್ತಿಗೆ ಸುದ್ದಿ ನಾದಿನಿಯನ್ನು ತಲುಪಿತ್ತು. ರಾತ್ರಿಯ ಹೊತ್ತಿಗೆ ಅವಳು ಹೆಸರನ್ನೂ ಹುಡುಕಿಟ್ಟಿದ್ದಳು. ಇವರಂತೂ ನನ್ನನ್ನು ಕಂಡರೆ ಕ್ಯಾಲೆಂಡರಿನತ್ತ ಮುಖ ತಿರುಗಿಸಿ ಏನೋ ಲೆಕ್ಕ ಹಾಕುತ್ತಿದ್ದರು.

ನಾನು ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ಕಣ್ಣಿನೊಳಗೆ ಬಗ್ಗಿ ನೋಡುವುದೇ ನನ್ನ ವೃತ್ತಿ. ಒಂದು ಮಧ್ಯಾಹ್ನ ಗಾಜು ಉಜ್ಜುವವಳು ಕೈ ನಿಲ್ಲಿಸಿ, "ಅಕ್ಕ, ನಿಮ್ಮ ಕಣ್ಣು ಹಳದಿ ಕಾಣ್ತಿದೆ. ಲೈಟಿಂದಾ?" ಎಂದಳು. ಕನ್ನಡಿಯಲ್ಲಿ ನೋಡಿಕೊಂಡೆ. ಲೈಟಿನದಲ್ಲ.

ಇವರ ಎರಡನೆಯ ಪರೀಕ್ಷೆಯೂ ಆಗಬೇಕಿತ್ತು. ಇಬ್ಬರೂ ಒಟ್ಟಿಗೆ ತೋಳು ಚಾಚಿ ರಕ್ತ ಕೊಟ್ಟು ಬಂದೆವು.

ಡಾಕ್ಟರಮ್ಮ ಮೊದಲು ಇವರ ವರದಿ ತೆರೆದರು. ಬಾಣಗಳೆಲ್ಲ ಮಾಯ! ನಾನು ಕುರ್ಚಿಯ ತುದಿಗೆ ಸರಿದು, ಒಂದನ್ನೂ ಬಿಡದೆ ನನ್ನ ಗಿಡಮೂಲಿಕೆಗಳ ಹೆಸರನ್ನೆಲ್ಲ ಒಪ್ಪಿಸಿ, ಬಾಟಲಿಗಳು ಖಾಲಿಯಾದದ್ದನ್ನೂ ಹೇಳಿದೆ. ಅವರ ಮುಖ ಅರಳಲಿಲ್ಲ.

"ಇಷ್ಟೂ ತಗೊಂಡ್ರಾ ನೀವು?" ಎಂದು ಇವರನ್ನು ಕೇಳಿದರು.

ಇವರು ನನ್ನನ್ನು ನೋಡಿದರು, ನೆಲವನ್ನು ನೋಡಿದರು. "ಇಲ್ಲ ಡಾಕ್ಟ್ರೇ. ಒಂದೂ ಇಲ್ಲ. ಕಹಿ ಅಂದ್ರೆ ನಂಗಾಗಲ್ಲ. ರಾತ್ರಿ ಅದು ಬರೋ ಹೊತ್ತಿಗೆ ವಾಕಿಂಗಿಗೆ ಓಡಿಬಿಡ್ತಿದ್ದೆ."

"ಮತ್ತೆ ಬಾಟಲಿಗಳೆಲ್ಲ ಖಾಲಿ ಆಗಿದ್ದು ಹೇಗೆ?" ಎಂದರು ಡಾಕ್ಟರಮ್ಮ.

"ಮೇಜಿನ ಮೇಲೆ ಬಿಟ್ಟಿರ್ತಿದ್ದೆ. ತಾನಾಗೇ ಖಾಲಿ ಆಗ್ತಿತ್ತು."

ತಾನಾಗೇ! ಮದುವೆಯಾದಾಗಿನಿಂದ ಆ ಮೇಜು ತಾನಾಗೇ ಖಾಲಿಯಾಗುತ್ತಿದೆ.

ಡಾಕ್ಟರಮ್ಮ ನನ್ನ ವರದಿ ತೆರೆದರು. ಇವರನ್ನು ಬಿಟ್ಟುಹೋದ ಬಾಣಗಳೆಲ್ಲ ಬಂಧುಬಳಗವನ್ನು ಕಟ್ಟಿಕೊಂಡು ನನ್ನ ಹಾಳೆಗೆ ಬಂದಿಳಿದಿದ್ದವು. ಸತ್ವ ಇಳಿಸಿದ ಮೂಲಿಕೆಗಳನ್ನು ಹೀಗೆ ರಾಶಿ ರಾಶಿ ನುಂಗಿದರೆ ಕೆಲವರ ಲಿವರ್ ಅದರಿಂದಲೇ ಊದಿಕೊಳ್ಳುತ್ತದೆಯಂತೆ. ಇವತ್ತಿನಿಂದ ಎಲ್ಲವೂ ಬಂದ್. ಮುಂದಿನ ವಾರ ಮತ್ತೆ ಪರೀಕ್ಷೆ. ಅಂಕಿ ಇಳಿಯದಿದ್ದರೆ ಆಸ್ಪತ್ರೆಗೆ ದಾಖಲು. ಅಲ್ಲಿಯವರೆಗೆ ಹಾಸಿಗೆ ಬಿಟ್ಟು ಏಳಬಾರದು.

"ಅಡುಗೆಮನೆ ಕಡೆ ಕಾಲು ಹಾಕಬೇಡಿ. ತಮಾಷೆಗೆ ಹೇಳ್ತಿಲ್ಲ ನಾನು" ಎಂದರು.

ಹೇಗಿದೆ ನೋಡಿ ನನ್ನ ಪ್ರತಾಪ! ಉದ್ಧಾರ ಮಾಡಲು ಹೊರಟ ಲಿವರ್ ನನ್ನಿಂದ ತಪ್ಪಿಸಿಕೊಂಡು ಓಡಿದ್ದಕ್ಕೇ ಉದ್ಧಾರವಾಯಿತು. ಹೆಸರು ಹುಡುಕಿಟ್ಟಿದ್ದ ನಾದಿನಿಗೆ ನಿಜ ತಿಳಿಸುವ ಕೆಲಸವನ್ನು ಮಾತ್ರ ನಾನು ಇವರಿಗೇ ಬಿಟ್ಟೆ.

ಮರುದಿನ ಇವರು ಸೊಂಟಕ್ಕೆ ಟವೆಲ್ ಬಿಗಿದು ಅಡುಗೆಮನೆಗೆ ಇಳಿದರು. ಸ್ವಲ್ಪ ಸ್ವಲ್ಪ ಹೊತ್ತಿಗೆ ಕೋಣೆಯ ಬಾಗಿಲಲ್ಲಿ ಮುಖ ಕಾಣಿಸುತ್ತಿತ್ತು. ಉಪ್ಪು ಯಾವುದು, ಸಕ್ಕರೆ ಯಾವುದು, ಜರಡಿಯನ್ನು ಜರಡಿಯ ಜಾಗದಲ್ಲಿ ಯಾಕೆ ಇಟ್ಟಿಲ್ಲ. ಕೊನೆಗೆ ಕರೆಂಟ್ ಒಲೆಯ ಮೇಲೆ ಹಾಲಿಟ್ಟ ಸದ್ದಾಯಿತು. ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ತಂಗಿಯದು. ಅಣ್ಣ ಮಾತಾಡುತ್ತ ಮಾತಾಡುತ್ತ ಬಾಲ್ಕನಿಗೆ ನಡೆದ.

"ಅಯ್ಯೋ, ಏನಿಲ್ಲ ಕಣೇ, ಮನೆಗೆಲಸ ಅಂದ್ರೆ ಒಂದು ಸಿಸ್ಟಮ್ ಇಟ್ಕೊಂಡ್ರೆ ಆಯ್ತು."

ಇಷ್ಟು ವರ್ಷ ಸಂಸಾರ ಮಾಡಿದವಳಿಗೆ ಗೋಡೆಯಾಚೆಯಿಂದಲೂ ಹಾಲು ಕೇಳಿಸುತ್ತದೆ. ಮೊದಲು ಪಾತ್ರೆಯ ಅಂಚಿನಲ್ಲಿ ಸಣ್ಣಗೆ ಸುಯ್ ಎನ್ನುತ್ತದೆ. ಆಮೇಲೆ ಒಂದು ಕ್ಷಣ ತೆಪ್ಪಗಾಗುತ್ತದೆ. ತೆಪ್ಪಗಾಯಿತೆಂದರೆ ಓಡಬೇಕು.

ತೆಪ್ಪಗಾಯಿತು.

ನನ್ನ ಬಲಗಾಲು ನನ್ನನ್ನು ಕೇಳದೆಯೇ ನೆಲಕ್ಕಿಳಿದಿತ್ತು. ಇವರನ್ನು ಕೂಗಲು ಬಾಯಿಯೂ ತೆರೆದಿತ್ತು. ಬಾಲ್ಕನಿಯಲ್ಲಿ ಸಿಸ್ಟಮ್ಮಿನ ವಿವರಣೆ ಮುಂದುವರಿದಿತ್ತು. ನಾನು ಬಾಯಿ ಮುಚ್ಚಿಕೊಂಡೆ. ಕಾಲನ್ನು ಮೇಲೆಳೆದುಕೊಂಡು ಹೊದಿಕೆಯನ್ನು ಕಿವಿಯ ಮೇಲೆ ಹೊದ್ದೆ.

ಹೊದಿಕೆ ತೆಳ್ಳಗಿತ್ತು. ಎಲ್ಲವೂ ಚೆನ್ನಾಗಿ ಕೇಳಿಸಿತು.