ಕಮಲವನ್ನು ಬದನೆಕಾಯಿ ಮಾಡಿದ ಕಾರ್ಡಿನವರಿಗೆ

ಗೆ,
ಸನ್ಮಾನ್ಯ ಪ್ಯಾರಲಲ್ ಪೋರ್ಟ್ ಕಾರ್ಡ್ ಅವರಿಗೆ,
ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ, ಊಟದ ಮೇಜಿನ ಪಕ್ಕ,
ನನ್ನ ಗಂಡನ ಮನೆ, ಮೆಹದಿಪಟ್ಟಣಂ, ಹೈದರಾಬಾದ್.

ಮಾನ್ಯರೇ,

ನನಗೆ ಮದುವೆಯಾಗಿದೆ, ಅದೂ ಬಹಳ ಒಳ್ಳೆಯ ಹುಡುಗನ ಜೊತೆ, ಎಂಬ ಸಂತೋಷದ ಸುದ್ದಿಯನ್ನು ಮೊದಲು ತಮ್ಮ ಗಮನಕ್ಕೆ ತಂದು, ಆಮೇಲೆ ತಮಗೆ ಸಲ್ಲಬೇಕಾದ ನಮಸ್ಕಾರಗಳನ್ನು ಸಲ್ಲಿಸುತ್ತೇನೆ. ಕ್ರಮ ತಪ್ಪಿತೆಂದು ಬಲ್ಲೆ. ಆದರೆ ಈ ಸುದ್ದಿಯನ್ನು ನಾನು ಕಲಬುರಗಿಯ ತರಕಾರಿ ಗಾಡಿಯವರಿಗೆ, ಬ್ಯಾಂಕಿನ ಕೌಂಟರಿನವರಿಗೆ, ಕೊನೆಗೆ ರಾಂಗ್ ನಂಬರ್ ಎಂದು ಫೋನ್ ಇಡಲು ಹೊರಟವರಿಗೂ ಹೇಳಿಯಾಗಿರುವಾಗ, ನನ್ನ ಗಂಡನ ಜೊತೆ ಒಂದೇ ಸೂರಿನ ಕೆಳಗಿರುವ ತಮಗೆ ಹೇಳದಿರುವುದು ಚೆನ್ನಾಗಿರುವುದಿಲ್ಲ. ನಾನು ನರ್ಸರಿಯಿಂದಲೂ ಇಂಗ್ಲಿಷ್ ಮೀಡಿಯಂ; ಬರೆಯುವ ಕನ್ನಡದಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ತಮಗೆ ಹೊಟ್ಟೆ ಇಲ್ಲದಿದ್ದರೆ ತಾವು ಕೂತಿರುವ ಕಂಪ್ಯೂಟರಿನ ಹೊಟ್ಟೆಗಾದರೂ.

ಇದು ಬಹಿರಂಗ ಪತ್ರವಾದ್ದರಿಂದ, ತಮ್ಮ ಬಂಧುಬಳಗದವರಿಗೂ ತಿಳಿಯಲೆಂದು ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ನನ್ನ ಗಂಡನ ಹೆಸರು ಸಮರ್ಥ್. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ, ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳಬೇಕು. ಪತ್ರದಲ್ಲಿ ನಡೆಯುತ್ತದೆ ಎಂದು ನಾನೇ ಕಾನೂನು ಮಾಡಿಕೊಂಡಿದ್ದೇನೆ. ಅವರ ಹವ್ಯಾಸ ಒಂದು ಯಂತ್ರ. ಟೀಪಾಯಿಯಷ್ಟು ದೊಡ್ಡದು, ಅವರೇ ಕಟ್ಟಿದ್ದು. ಕಂಪ್ಯೂಟರು ಒಂದೊಂದು ಹೆಜ್ಜೆಗೂ ಅಪ್ಪಣೆ ಕೊಡುತ್ತದೆ, ಮೋಟಾರುಗಳು ಹೇಳಿದಷ್ಟೇ ತಿರುಗುತ್ತವೆ, ಚೂಪು ಮೊನೆಯೊಂದು ಗಿರ್ರೆಂದು ಕಟ್ಟಿಗೆಯ ಮೇಲೆ ಓಡಾಡಿ ಹೂವು ಬಳ್ಳಿ ಕೆತ್ತುತ್ತದೆ. ಆ ಅಪ್ಪಣೆ ಹೊರಡುವುದು ಹಿಂದಿನ ಕಾಲದಲ್ಲಿ ಪ್ರಿಂಟರ್ ಸಿಕ್ಕಿಸುತ್ತಿದ್ದ ಇಪ್ಪತ್ತೈದು ತೂತಿನ ಬಾಯಿಯಿಂದ. ಅದೇ ಪ್ಯಾರಲಲ್ ಪೋರ್ಟ್. ಪ್ರಿಂಟರುಗಳು ಅದನ್ನು ಬಿಟ್ಟುಹೋಗಿ ಎಷ್ಟೋ ಕಾಲವಾಯಿತು, ನನ್ನ ಗಂಡನಂಥವರು ಮಾತ್ರ ಬಿಟ್ಟಿಲ್ಲ. ಈ ನಿಷ್ಠೆ ನನಗೂ ಮುಂದೆ ಅನುಕೂಲವಾಗಲಿದೆ ಎಂದು ನಾನು ಖುಷಿಯಲ್ಲಿದ್ದೇನೆ.

ನಮ್ಮ ಮದುವೆ ಆದದ್ದು ಕಲಬುರಗಿಯಲ್ಲಿ. ಬೀಗರೆಲ್ಲ ಊಟಕ್ಕೆ ಕೂತಿರುವಾಗ ಈ ಮನುಷ್ಯ ಪಂಕ್ತಿಯ ನಡುವೆ ನಿಂತು ಒಂದು ಮಾತು ಕೊಟ್ಟುಬಿಟ್ಟರು. ನಾನು ಆಷಾಢಕ್ಕೆ ತವರಿಗೆ ಹೋಗಿ, ಪಂಚಮಿ ಹಬ್ಬ ಮುಗಿಸಿಕೊಂಡು ಬಂದ ಮೇಲಿನ ಮೊದಲ ಶ್ರಾವಣ ಸೋಮವಾರ ನಾವಿಬ್ಬರೂ ಜೋಡಿಯಾಗಿ ಪೂಜೆಗೆ ಕೂರಬೇಕಲ್ಲ, ಆ ಜೋಡಿ ಮಣೆಯನ್ನು ಅವರ ಯಂತ್ರವೇ ಕೆತ್ತುತ್ತದೆ, ಒಂದೊಂದು ಮಣೆಯ ನಡುವೆಯೂ ಒಂದು ಕಮಲ ಇರುತ್ತದೆ ಎಂದು. ಮಾವನವರಾದ ಅಮರೇಶಪ್ಪನವರು ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಜನ್ಮವೆಲ್ಲ ಲೇತ್ ನಡೆಸಿದವರು. ಅವರು ಹೋಳಿಗೆ ಮುರಿಯುತ್ತಲೇ, "ಉಳಿ ಹಿಡದ್ರ ಎರಡ ದಿನದ ಕೆಲಸರಿ ಇದು. ನನ್ನ ಮಗ ಕಂಪ್ಯೂಟರಿನ ಕಾಲು ಹಿಡೀತಾನ" ಅಂದರು. ಪಂಕ್ತಿಯೆಲ್ಲ ನಕ್ಕಿತು. ನನ್ನ ಗಂಡ ನಗಲಿಲ್ಲ, ಕಿವಿ ಕೆಂಪಾಯಿತು. ಆ ಕೆಂಪು ಕಿವಿಯನ್ನು ನೋಡಿದ ಕ್ಷಣದಿಂದ ಈ ಮಣೆ ನನ್ನ ಮಾನದ ಪ್ರಶ್ನೆಯೂ ಆಗಿದೆ.

ಆಮೇಲೆ ನನ್ನನ್ನು ಮನೆ ತುಂಬಿಸಿಕೊಂಡ ದಿನ ಮಾವನವರು ಸಂಭ್ರಮದಿಂದ ಬಣ್ಣದ ದೀಪದ ಸರಗಳನ್ನೆಲ್ಲ ತಂದು, ಮಗನ ಹಳೆಯ ಕಂಪ್ಯೂಟರು ಇದ್ದ ಪ್ಲಗ್ ಬೋರ್ಡಿಗೇ ಸಿಕ್ಕಿಸಿದರು. ಮನೆ ಝಗ್ಗೆಂದಿತು, ಕಂಪ್ಯೂಟರು ಠುಸ್ಸೆಂದಿತು. ಹೊಸದು ಬಂತು. ತೆಳ್ಳಗೆ, ಕಪ್ಪಗೆ, ಬಹಳ ಚೆಂದ; ಬೆನ್ನಿಗೆ ಆ ಇಪ್ಪತ್ತೈದು ತೂತಿನ ಬಾಯಿ ಮಾತ್ರ ಇಲ್ಲ. ಆ ಬಾಯಿಯನ್ನು ಒದಗಿಸುವ ಮಹಾಕಾರ್ಯಕ್ಕಾಗಿಯೇ ತಮ್ಮ ಕುಲದವರನ್ನು ಹುಡುಕುವುದು ಶುರುವಾಯಿತು, ಅಷ್ಟರಲ್ಲಿ ಆಷಾಢ ಬಂತು, ನಾನು ತವರಿಗೆ ಬಂದೆ.

ಈಗ ನನ್ನ ಮೊದಲ ದೂರು. ನನ್ನನ್ನು ನೋಡಲು ಬಂದ ದಿನ ಇದೇ ಸಮರ್ಥ್ ಒಂದು ತಟ್ಟೆ ಚುರುಮುರಿಯ ಸೂಸಲಾ ತಿಂದು, ಒಂದೇ ಒಂದು ಪ್ರಶ್ನೆ ಕೇಳಿ ಒಪ್ಪಿಗೆ ಕೊಟ್ಟರು. ಆ ಪ್ರಶ್ನೆ, "ಹೈದರಾಬಾದಿನ ಬಿಸಲು ತಡಕೋತೀರಿ?" ಎಂಬುದು. ಕಲಬುರಗಿಯಲ್ಲಿ ಹುಟ್ಟಿದ ಹುಡುಗಿಯನ್ನು ಬಿಸಿಲಿನ ಬಗ್ಗೆ ಕೇಳಿದ ಆ ಮುಗ್ಧತೆಗೇ ನಾನು ಸೋತದ್ದು. ಅಂಥವರು ತಮ್ಮ ವಿಷಯದಲ್ಲಿ ಎಷ್ಟು ವಿಚಾರಿಸಿದರು ಬಲ್ಲಿರಾ? ಚಿಪ್ಪು ಯಾವ ವಂಶದ್ದು, ಯಾವ ಸ್ಲಾಟಿಗೆ ಹೊಂದುತ್ತದೆ, ವಿಳಾಸದ ಸಂಖ್ಯೆ ಎಷ್ಟು, ಎತ್ತರ ಎಷ್ಟು, ಹಿಂದೆ ಯಾರ ಮನೆಯಲ್ಲಿ ಹೇಗೆ ನಡೆದುಕೊಂಡಿತ್ತು ಎಂದು ದೇಶವಿದೇಶದ ಹವ್ಯಾಸಿಗಳನ್ನೆಲ್ಲ ಇಂಟರ್‌ನೆಟ್ಟಿನಲ್ಲಿ ಎಬ್ಬಿಸಿ ಕೇಳಿದರು. ನನ್ನ ಜಾತಕವನ್ನೂ ಯಾರೂ ಇಷ್ಟು ತಿರುವಿ ಹಾಕಿರಲಿಲ್ಲ.

ಇಷ್ಟಾದರೂ ಮೊದಲು ಮನೆಗೆ ಬಂದದ್ದು ತಾವಲ್ಲ, ಒಂದು ಯುಎಸ್‌ಬಿ ಕೇಬಲ್. ಅಬಿಡ್ಸ್‌ನ ಅಂಗಡಿಯವರು "ಫಿಕರ್ ನಕ್ಕೋ ಕರೋ ಭಾಯ್, ಚಲ್ತಾ", ಚಿಂತೆ ಬೇಡ ನಡೆಯುತ್ತದೆ, ಎಂದು ಕೊಟ್ಟಿದ್ದರಂತೆ. ಒಂದು ತುದಿಯಲ್ಲಿ ತೂತುಗಳೆಲ್ಲ ಸರಿಯಾಗಿಯೇ ಇದ್ದವು. ಆದರೆ ಅದು ಪ್ರಿಂಟರಿನ ಹೊರತು ಬೇರೆ ಯಾರ ಜೊತೆಯೂ ಮಾತಾಡುವುದಿಲ್ಲ ಎಂಬ ವ್ರತ ಹಿಡಿದಿತ್ತು. ಆಮೇಲೆ ಬಂದ ಕಾರ್ಡು ಇಷ್ಟೆತ್ತರ, ಕಂಪ್ಯೂಟರಿನ ಡಬ್ಬಿಯ ಬಾಗಿಲೇ ಮುಚ್ಚಲಿಲ್ಲ. ಮಾವನವರು ಅದನ್ನು ಕತ್ತರಿಸಿಕೊಡಲು ಹ್ಯಾಕ್ಸಾ ಹಿಡಿದು ಬಂದದ್ದನ್ನು ಕಂಡು ನನ್ನ ಗಂಡ ಅದನ್ನು ವಾಪಸ್ ಕಳಿಸಿದರು. ಅದರ ನಂತರ ತಾವು ದಯಮಾಡಿಸಿದಿರಿ. ತಾವು ಸಾಫ್ಟ್‌ವೇರ್ ಹುಡುಕಿಕೊಂಡು ಬರುವ ಹಳೆಯ ಪೋರ್ಟಿನ ವಿಳಾಸದಲ್ಲಿ ಇರಲು ಒಪ್ಪದೆ ಎಲ್ಲೋ ಹೊಸ ಬಡಾವಣೆಯಲ್ಲಿ ಮನೆ ಮಾಡಿದಿರಿ. ನನ್ನ ಗಂಡ ಅದನ್ನೂ ಹುಡುಕಿ ಸಾಫ್ಟ್‌ವೇರಿಗೆ ತಿಳಿಸಿದರು. ಕಡೆಗೂ ಯಂತ್ರ ಅಲುಗಾಡಿತು. ಆ ದಿನ ಅವರು ಫೋನಿನಲ್ಲಿ "ನಿರೂ, ನಡೀತು" ಅಂದ ದನಿಯನ್ನು ಕೇಳಿ ನಾನು ಹಿತ್ತಿಲಲ್ಲಿ ಒಂದು ಸುತ್ತು ಕುಣಿದೆ. ನಿರೂ ಅಂದರೆ ನಾನೇ, ನಿರೀಕ್ಷಾ. ಹಾಗೆ ಕರೆಯುವವರು ಜಗತ್ತಿನಲ್ಲಿ ಅವರೊಬ್ಬರೇ.

ಇಲ್ಲಿ ತಮ್ಮ ಸೌಜನ್ಯವನ್ನು ಹೊಗಳದೆ ಮುಂದೆ ಹೋಗಲಾರೆ. ಮೋಟಾರು ನಡೆಸುವ ಬೋರ್ಡು ಐದು ವೋಲ್ಟಿನ ದನಿಯಲ್ಲಿ ಹೇಳಿದರೆ ಮಾತ್ರ ಕೇಳಿಸಿಕೊಳ್ಳುವ ದಪ್ಪ ಕಿವಿಯದು; ತಾವೋ ಮೂರು ಚಿಲ್ಲರೆ ವೋಲ್ಟಿನಲ್ಲಿ, ಹೊಸ ಸೊಸೆ ಮಾವನ ಎದುರಿಗೆ ಮಾತಾಡಿದ ಹಾಗೆ, ಸೆರಗು ಬಾಯಿಗಿಟ್ಟು ಉಸುರುತ್ತೀರಿ. ನನಗೇ ಬಾರದ ಈ ವಿನಯ ತಮಗೆ ಎಲ್ಲಿಂದ ಬಂತು? ಪರಿಣಾಮ ಏನಾಯಿತೆಂದರೆ, ಬೋರ್ಡಿಗೆ ಕೆಲವು ಅಪ್ಪಣೆ ಕೇಳಿಸಿದವು, ಕೆಲವು ಕೇಳಿಸಲಿಲ್ಲ, ಮೋಟಾರು ಅಲ್ಲಲ್ಲಿ ಹೆಜ್ಜೆ ತಪ್ಪಿಸಿತು, ಪರೀಕ್ಷೆಗೆಂದು ಇಟ್ಟ ಹಲಗೆಯ ಮೇಲೆ ಕಮಲದ ಎಸಳುಗಳೆಲ್ಲ ಒಂದೇ ಕಡೆಗೆ ವಾಲಿ ಕೆಳಗೆ ಬದನೆಕಾಯಿಯಂತೆ ಉಬ್ಬಿಕೊಂಡವು. ಮಾವನವರು ಕನ್ನಡಕ ಏರಿಸಿ ನೋಡಿ, "ಭಾಳ ಚೊಲೊ ಬಂದೈತೋ ಸಮರ್ಥ. ಪೂಜಾಕ್ಕ ಆಗಲಿಕ್ಕಿಲ್ಲ, ಎಣಗಾಯಿಗೆ ನಡೀತೈತಿ" ಅಂದು, ಅದೇ ಸಂಜೆ ಮೆಹದಿಪಟ್ಟಣಂ ಬಜಾರಿಗೆ ಹೋಗಿ ಎರಡು ಕೆಂಪು ಪ್ಲಾಸ್ಟಿಕ್ ಮಣೆ ತಂದು ದೇವರ ಕೋಣೆಯ ಬಾಗಿಲಿಗೆ ಆನಿಸಿ ಇಟ್ಟಿದ್ದಾರೆ. ಕೂರಲು ಹೊರಟರೆ ನಾನು ಪ್ಲಾಸ್ಟಿಕ್ಕಿನ ಮೇಲೂ ಕೂರಬಲ್ಲೆ. ಆದರೆ ಕಲಬುರಗಿಯಿಂದ ಪೂಜೆಗೆ ಬರುವ ನಮ್ಮವರ ಎದುರಿಗೆ ಆ ಕಿವಿಗಳು ಇನ್ನೊಮ್ಮೆ ಕೆಂಪಾಗುವುದನ್ನು ನೋಡಲಾರೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳು. ತಾವು ದಯವಿಟ್ಟು ಕೆಲವು ದಿನ ಮೆಹದಿಪಟ್ಟಣಂ ಬಸ್ ನಿಲ್ದಾಣದ ಹೊರಗೆ ಶೇರ್ ಆಟೋದವರ ಬಳಿ ತರಬೇತಿಗೆ ಹೋಗಿ, ಫ್ಲೈಓವರಿನ ಮೇಲಿನವರಿಗೂ ಕೇಳಿಸುವಂತೆ "ಚಾರ್ಮಿನಾರ್ ಚಾರ್ಮಿನಾರ್" ಎಂದು ಕೂಗುವುದನ್ನು ಕಲಿತು ಬರಬೇಕು. ಅದು ಆಗದಿದ್ದರೆ, ಬದನೆಕಾಯಿಯೇ ಕಮಲದ ಇನ್ನೊಂದು ಜಾತಿ ಎಂದು ಮಾವನವರಿಗೆ ತಾವೇ ಲಿಖಿತವಾಗಿ ತಿಳಿಸಬೇಕು. ಅದೂ ಆಗದಿದ್ದರೆ, ಗಂಡನ ಜೊತೆ ನನಗಿರುವ ಫೋನಿನ ಹೊತ್ತಿನಲ್ಲಿ ಅರ್ಧವನ್ನಾದರೂ ನನಗೆ ಬಿಟ್ಟುಕೊಡಬೇಕು.

ಹೀಗೆ ಬರೆದಿದ್ದೇನೆ, ಆದರೆ ಮೂರನೆಯ ಕೋರಿಕೆಯನ್ನು ಹಿಂದಕ್ಕೆ ಪಡೆಯುತ್ತೇನೆ. ನಿಜ ಹೇಳುವುದಾದರೆ ಆಷಾಢದ ಮೊದಮೊದಲು ನಮ್ಮ ಫೋನು, "ಊಟ ಆತೇನು?" "ಆತು. ನಿಮ್ದು?" "ಆತು" ಎಂಬಲ್ಲಿಗೆ ಮುಗಿಯುತ್ತಿತ್ತು. ಅವರು ಮಾತಿಗೆ ಸಂಕೋಚದವರು. ನಾನು ಸಂಕೋಚದವಳಲ್ಲ, ಆದರೂ ಅವರ ದನಿ ಕೇಳಿದರೆ ನನ್ನ ಇಂಗ್ಲಿಷು ಕನ್ನಡ ಎರಡೂ ಒಟ್ಟಿಗೆ ರಜೆ ಹಾಕುತ್ತಿದ್ದವು. ತಾವು ಬಂದು ಕೆಟ್ಟದ್ದಕ್ಕೆ ಅವರಿಗೆ ಹೇಳಲು ಏನೋ ಸಿಕ್ಕಿತು, ನನಗೆ ಕೇಳಲು ಏನೋ ಸಿಕ್ಕಿತು. ವೋಲ್ಟಿನಿಂದ ಶುರುವಾದ ಮಾತು ಅವರು ಚಿಕ್ಕವರಿದ್ದಾಗ ಬಿಚ್ಚಿಹಾಕಿದ ರೇಡಿಯೋಕ್ಕೆ, ಅಲ್ಲಿಂದ ತಿಂದ ಏಟಿಗೆ, ಅಲ್ಲಿಂದ ನನ್ನ ಶಾಲೆಯ ನಾಟಕಕ್ಕೆ ಹೋಯಿತು. ತಾವು ಐದು ವೋಲ್ಟಿನವರಾಗಿ ಬಂದಿದ್ದರೆ ಮಣೆ ಅಂದೇ ಆಗಿಬಿಡುತ್ತಿತ್ತು, ನಾವು ಈಗಲೂ ಊಟ ಆಯಿತೇ ಎಂದು ಕೇಳಿಕೊಳ್ಳುತ್ತಿದ್ದೆವು. ಈ ಉಪಕಾರವನ್ನು ಮರೆಯುವುದಿಲ್ಲ.

ಇನ್ನು ತಮಗೆ ತಿಳಿಸಲೇಬೇಕಾದ ಮುಖ್ಯ ವಿಷಯ. ಪಂಚಮಿಗೆ ಉಂಡಿ ಕಟ್ಟಬೇಕೆಂದು ದೊಡ್ಡವ್ವ ಸುಂದರಾಬಾಯಿ ಬಂದಿದ್ದಾಳೆ. ಶೇಂಗಾ ಉಂಡಿಗೆ ದೊಡ್ಡ ಪರಾತ, ಅಂದರೆ ಅಂಚಿರುವ ಅಗಲ ತಟ್ಟೆ, ಬೇಕೆಂದಳು. ಪರಾತ ಅಟ್ಟದ ಮೇಲಿತ್ತು. ಹತ್ತಿ ಎಳೆದೆ, ಅದರ ಹಿಂದೆ ಕ್ರೋಶಾ ಹೆಣೆದ ಬಟ್ಟೆ ಹೊದ್ದು ಯಾರೋ ಕೂತ ಹಾಗಿತ್ತು. ಬಟ್ಟೆ ಸರಿಸಿದರೆ, ನನ್ನ ಅವ್ವ ಪ್ರಫುಲ್ಲಾ ಹೈಸ್ಕೂಲಿನಲ್ಲಿ ಟೀಚರ್ ಆಗಿದ್ದಾಗ ಪ್ರಶ್ನೆಪತ್ರಿಕೆ ಟೈಪು ಮಾಡುತ್ತಿದ್ದ ಕಂಪ್ಯೂಟರು. ಅದರ ಪ್ರಿಂಟರಿನ ಕರ್ರ್ ಕರ್ರ್ ಕೇಳುತ್ತ ನಾನು ಎಷ್ಟೋ ಸಲ ನಿದ್ದೆ ಹೋಗಿದ್ದೇನೆ. ಮೈಯೆಲ್ಲ ಹಳದಿಗಟ್ಟಿತ್ತು. ಬೆನ್ನು ತಿರುಗಿಸಿ ನೋಡಿದೆ. ಮಾನ್ಯರೇ, ಇಪ್ಪತ್ತೈದು ತೂತು. ಯಾವ ಕಾರ್ಡೂ ಇಲ್ಲ, ಯಾವ ಕೇಬಲ್ಲೂ ಇಲ್ಲ, ಹುಟ್ಟುವಾಗಲೇ ಪಡೆದುಕೊಂಡು ಬಂದ ಬಾಯಿ.

ಧೂಳು ಝಾಡಿಸಿ ಸ್ವಿಚ್ ಹಾಕಿದೆ. ಸ್ವಲ್ಪ ಹೊತ್ತು ನಮ್ಮ ದೊಡ್ಡವ್ವನಂತೆ ಮೊಣಕಾಲು ಹಿಡಿದುಕೊಂಡು ನರಳಿ, ಆಮೇಲೆ ಎದ್ದಿತು. ಅವರು ಫೋನಿನಲ್ಲಿ ಹೇಳಿಕೊಟ್ಟಂತೆ ಓಣಿಯ ರಿಪೇರಿ ಅಂಗಡಿಯಿಂದ ಎರವಲು ತಂದ ವೋಲ್ಟ್ ಮೀಟರಿನ ಎರಡು ಮೊನೆಗಳನ್ನು, ಬೆಲ್ಲದ ಕೈ ತೊಳೆದುಕೊಂಡು, ಆ ತೂತುಗಳಿಗೆ ಮುಟ್ಟಿಸಿದೆ. ದೊಡ್ಡವ್ವ, "ಏನಽ, ಅದಕ್ಕ ಜ್ವರಾ ನೋಡಾಕತ್ತೀಯೇನು?" ಅಂದಳು. ಜ್ವರ ಐದಕ್ಕೆ ಕೂದಲೆಳೆಯಷ್ಟು ಕಮ್ಮಿ ಇತ್ತು. ಅದನ್ನು ಫೋನಿನಲ್ಲಿ ಹೇಳಿದೆ. ಅವರು, "ನಿರೂ, ನಿನ್ನ ಮದಿವಿ ಆಗಿದ್ದಕ್ಕ ಜನ್ಮ ಸಾರ್ಥಕ ಆತು" ಎಂದರು. ಮದುವೆಯ ದಿನ, ಅಷ್ಟು ಜರಿ, ಅಷ್ಟು ಮಲ್ಲಿಗೆ ಹೊತ್ತು ನಿಂತಿದ್ದಾಗ ಹೇಳದ ಮಾತನ್ನು ಒಂದು ಪೋರ್ಟಿಗೆ ಹೇಳಿದರು. ನಾನು ಇದರಲ್ಲಿ ಅರ್ಧವನ್ನು ನನ್ನ ಲೆಕ್ಕಕ್ಕೆ ಹಾಕಿಕೊಂಡಿದ್ದೇನೆ.

ಅದನ್ನು ಹೊತ್ತು ತರುವ ವಿಷಯದಲ್ಲಿ ಮನೆಯಲ್ಲಿ ಸಣ್ಣ ಸಭೆಯೂ ನಡೆಯಿತು. ದೊಡ್ಡವ್ವ, "ಹೊಸಾ ಸೊಸಿ ತವರಿಂದ ಅಟ್ಟದ ಡಬ್ಬಿ ಹೊತಗೊಂಡು ಹೋದ್ರ ಬೀಗರು ಏನಂದಾರು? ಒಂದು ಮಿಕ್ಸರ್ ಆದ್ರೂ ಕೊಡ್ರಿ" ಎಂದು ಹಟ ಹಿಡಿದಳು. ಅವ್ವ ಉಂಡಿ ಕಟ್ಟುತ್ತಲೇ, "ಸೋಫಾ ಬ್ಯಾಡ ಅಂದ್ರು, ಫ್ರಿಜ್ ಬ್ಯಾಡ ಅಂದ್ರು. ಇದೊಂದಕ್ಕ ಬ್ಯಾಡ ಅನ್ನೂದಿಲ್ಲ ತಗೊಳ್ರಿ" ಎಂದಳು. ವರದಕ್ಷಿಣೆ ಒಲ್ಲೆ ಎಂದ ಮನೆಗೆ ನಾನು ಪ್ರಶ್ನೆಪತ್ರಿಕೆಯ ಕಂಪ್ಯೂಟರು ತರುತ್ತಿರುವುದು ಹೀಗೆ, ಸರ್ವಾನುಮತದಿಂದ. ಉಡಿ ತುಂಬುವ ಹೊತ್ತಿಗೆ ಅದಕ್ಕೂ ಒಂದು ಬೊಟ್ಟು ಕುಂಕುಮ ಹಚ್ಚುವುದೆಂದು ತೀರ್ಮಾನವಾಗಿದೆ. ಹೊಸ್ತಿಲಲ್ಲಿ ಒಡಪು ಹೇಳದೆ ಒಳಗೆ ಬಿಡುವುದಿಲ್ಲ ಎಂದು ಮಾವನವರು ಬೆದರಿಸಿದ್ದಾರೆ. ಅದೂ ಸಿದ್ಧವಾಗಿದೆ, ತಾವೇ ಮೊದಲು ಕೇಳಬೇಕು:

ಅಟ್ಟದ ಮ್ಯಾಲಿನ ಡಬ್ಬಿಗೆ ಇಪ್ಪತ್ತೈದು ತೂತ,
ಸಮರ್ಥರ ಹೆಸರ ಹೇಳತೀನಿ ಕಮಲದ ಮಣಿಮ್ಯಾಲ ಕೂತ.

ಕೂರುವ ಮೊದಲೇ ಕೂತೆ ಎಂದು ಹೇಳುತ್ತಿದ್ದೇನೆ, ಬಲ್ಲೆ. ಸೋಮವಾರದೊಳಗೆ ಎರಡು ಕಮಲ ಅರಳಲೇಬೇಕು. ತಮ್ಮಿಂದ ಆಗದ್ದನ್ನು ಅವ್ವನ ಡಬ್ಬಿ ಮಾಡುತ್ತದೆಂದು ನಂಬಿ, ತಮಗೆ ಗೌರವಪೂರ್ವಕ ವಿಶ್ರಾಂತಿಯನ್ನು ಕೋರುತ್ತೇನೆ.

ತಮ್ಮ ವಿಶ್ವಾಸಿ, ಮತ್ತು ಇನ್ನು ಮುಂದೆ ಆ ಮನೆಯಲ್ಲಿ ಸಾಕಷ್ಟು ವೋಲ್ಟಿನಲ್ಲಿ ಮಾತಾಡಲಿರುವ,
ನಿರೀಕ್ಷಾ ಸಮರ್ಥ್

ತಾ.ಕ.: ಬದನೆಕಾಯಿಯ ಹಲಗೆಯನ್ನು ಒಲೆಗೆ ಹಾಕಬಾರದೆಂದು ಮಾವನವರಿಗೆ ಹೇಳಿದ್ದೇನೆ, ಶೋಕೇಸಿನಲ್ಲಿ ಅದರ ಮೇಲೆ ತಮ್ಮನ್ನೇ ಕೂರಿಸುವುದು, ಬಂದವರಿಗೆಲ್ಲ ನಮ್ಮಿಬ್ಬರನ್ನು ಮಾತಿಗೆ ಹಚ್ಚಿದವರು ಇವರೇ ಎಂದು ತೋರಿಸುವುದು. ಅಲ್ಲಿಯವರೆಗೆ ಒಂದು ಪಂದ್ಯವಿದೆ. ನಾಂಪಲ್ಲಿ ಸ್ಟೇಷನ್ನಿಗೆ ಬರುವ ನನ್ನ ಗಂಡ ಮೊದಲು ನನ್ನನ್ನು ನೋಡುತ್ತಾರೋ, ನನ್ನ ತೊಡೆಯ ಮೇಲಿನ ಡಬ್ಬಿಯನ್ನೋ? ಡಬ್ಬಿಯನ್ನೇ ಎಂದು ದೊಡ್ಡವ್ವ ಪಣ ಕಟ್ಟಿದ್ದಾಳೆ. ಅದಕ್ಕೇ ನಾನು ಡಬ್ಬಿಗೆ ಕ್ರೋಶಾ ಹೊದಿಸಿ, ಮದುವೆಯ ಸೀರೆಯನ್ನು ನಾನೇ ಉಟ್ಟುಕೊಂಡು ಬರುತ್ತಿದ್ದೇನೆ. ಶುಕ್ರವಾರ ಮನೆಮಗಳನ್ನು ಕಳಿಸುವಂತಿಲ್ಲ ಎಂದು ಅವ್ವ ಹೇಳಿದ್ದರಿಂದ ಒಂದು ದಿನ ಮುಂಚೆಯೇ: ಗುರುವಾರ, ಹುಸೇನ್ ಸಾಗರ್ ಎಕ್ಸ್‌ಪ್ರೆಸ್.