ಟರ್ಬೊ ಕಾರಿಗೆ ಹೂಡಿದ ರುಬ್ಬುವ ಕಲ್ಲುಗಳು

ಗ್ಯಾರೇಜ್ ಇದ್ದಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಾನಿದ್ದ ಗ್ಯಾರೇಜಿನಲ್ಲಂತೂ ವಾರಕ್ಕೊಂದು ನಡೆಯದಿದ್ದರೆ ಜನ ಬಂದು, "ಮಿಸ್ತ್ರಿಗೆ ಆರಾಮಿಲ್ಲೇನು?" ಅಂತ ವಿಚಾರಿಸುತ್ತಿದ್ದರು. ನಾನು ಸಾಲಿಯ ಕಟ್ಟಿ ಹತ್ತಿದವನಲ್ಲ. ಬಾಗಲಕೋಟೆ ಕಡೆಯಿಂದ ಬಂದು ಮುಂಬಯಿಯ ಅಂಧೇರಿಯಲ್ಲಿ ಸ್ಪ್ಯಾನರ್ ಹಿಡಿದವನು. ಬಾನೆಟ್ಟಿಗೆ ಕಿವಿ ಇಟ್ಟರೆ ಸಾಕು, ಎಂಜಿನ್ ಬೆಳಿಗ್ಗೆ ಯಾವ ಪಂಪಿನ ಪೆಟ್ರೋಲ್ ಕುಡಿದಿದೆ ಅಂತ ಹೇಳುತ್ತಿದ್ದೆ. ಇದನ್ನು ನಂಬದವರು ಆಗ ಕೆಲವರಿದ್ದರು. ಈಗ ಅವರ್ಯಾರೂ ಬದುಕಿಲ್ಲ.

೧. ಡಬ್ಬಿಯ ಲೆಕ್ಕ

ಎಪ್ಪತ್ತರ ದಶಕದ ನಡುವಿನ ಮಾತು. ಒಬ್ಬ ಸಾಹೇಬರು ತಮ್ಮ ಹಳೇ ಕಾರಿಗೆ ಹಡಗಿನಲ್ಲಿ ಪರದೇಶದಿಂದ ಟರ್ಬೊ ಕಿಟ್ ತರಿಸಿದರು. ನೋಡಲು ಕಬ್ಬಿಣದ ಬಸವನಹುಳು. ಎಂಜಿನ್ ಬಿಡುವ ಹೊಗೆಯಿಂದಲೇ ಅದರೊಳಗಿನ ಚಕ್ರ ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿ ಊದುತ್ತದೆ. ನಾನೂ ನಮ್ಮ ಇನ್ನೊಬ್ಬ ಮಿಸ್ತ್ರಿಯೂ ಸೇರಿ ಕೂರಿಸಿದೆವು. ಅವನು ಹುಬ್ಬಳ್ಳಿಯವನು, ಸರ್ಟಿಫಿಕೇಟ್ ಇದ್ದವನು. ಅದನ್ನು ಸದಾ ಅಂಗಿ ಕಿಸೆಯಲ್ಲೇ ಇಟ್ಟುಕೊಂಡಿರುತ್ತಿದ್ದ.

"ಈಗ ಎಷ್ಟು ಹಾರ್ಸ್ ಪವರ್ ಆಯಿತು? ಹೆಡ್ ಮಿಸ್ತ್ರಿ ಕೈಯಿಂದ ಕಾಗದ ಬೇಕು" ಅಂದರು ಸಾಹೇಬರು.

ಹೆಡ್ ಮಿಸ್ತ್ರಿಯ ಕುರ್ಚಿ ಆರು ತಿಂಗಳಿಂದ ಖಾಲಿ ಬಿದ್ದಿತ್ತು. ಮಾಲೀಕ ಸೇಠ್ ನಮ್ಮಿಬ್ಬರನ್ನೂ ಕರೆದ. "ಯಾರ ಅಂದಾಜು ಸರಿಯೋ ಕುರ್ಚಿ ಅವನದು. ತಪ್ಪಿದವನು ಸೀಮೆಎಣ್ಣೆಯಲ್ಲಿ ನಟ್ಟು ತೊಳೆಯಲಿ."

ಹುಬ್ಬಳ್ಳಿಯವ ಪೆನ್ಸಿಲ್ ತೆಗೆದ. "ಕಾರಿಂದು ನಲವತ್ತು. ಕಿಟ್ಟಿನ ಡಬ್ಬಿ ಮ್ಯಾಲೆ ಐವತ್ತು ಅಂತ ಬರದದ. ಒಟ್ಟು ತೊಂಬತ್ತು."

"ಡಬ್ಬಿಗೆ ಹಾಕಿದರ ತೊಂಬತ್ತು ಬರತದ," ಅಂದೆ. "ಕಾರಿಗೆ ಹಾಕಿದರ ಐವತ್ತೆಂಟು."

೨. ಸಾಹೇಬರ ಸಿಟ್ಟು

ಸಾಹೇಬರ ಮುಖ ಕೆಂಪಾಯಿತು. "ತೊಂಬತ್ತಕ್ಕಿಂತ ಒಂದು ಕಡಿಮೆ ಬರೆದರೂ ಕಾರು ಬೇರೆ ಗ್ಯಾರೇಜಿಗೆ ಹೋಗುತ್ತದೆ!"

ನಾನು ಸಮಾಧಾನದಿಂದ ಹೇಳಿದೆ. "ಸಾಹೇಬ್ರ, ಒಲಿಗೆ ಎಷ್ಟು ಊದಿದರೂ ಕಟ್ಟಿಗಿ ಇದ್ದಷ್ಟ ಉರಿ. ಮೀರಿ ಊದಿದರ ಬೂದಿ ಕಣ್ಣಿಗೆ. ಈ ಕಾರ್ಬ್ಯುರೇಟರ್ ಕೊಡೋ ಪೆಟ್ರೋಲ್ ಇಷ್ಟ. ಪಿಸ್ಟನ್ ರಿಂಗೂ ಸವದಾವ. ಇನ್ನ ನಲವತ್ತು ಅನ್ನೋದು ಕಾರು ಹುಟ್ಟಿದಾಗಿನ ಮಾತು. ನಿಮಗ ಇಪ್ಪತ್ತರಾಗ ಇದ್ದ ತಾಕತ್ತು ಈಗ ಅದ ಏನ್ರಿ?"

ಸಾಹೇಬರ ಹೆಂಡತಿ ಕಾರಿನಲ್ಲೇ ಕೂತಿದ್ದರು. ಮೆಲ್ಲಗೆ ಕಿಟಕಿ ಇಳಿಸಿ, "ಮಿಸ್ತ್ರಿಯ ಲೆಕ್ಕ ಸರಿಯಾಗಿದೆ" ಅಂದರು.

೩. ಮೂವತ್ತು ಕಲ್ಲು

ಮಾತಿನಿಂದ ಕುರ್ಚಿ ಸಿಗುವುದಿಲ್ಲ, ಅಳೆದು ತೋರಿಸಬೇಕು. ಅಂಥ ಯಂತ್ರ ಆಗ ಎಲ್ಲಿತ್ತೋ ನನಗೆ ಗೊತ್ತಿರಲಿಲ್ಲ. ಪಕ್ಕದ ಉಡುಪಿ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಕಣ್ಣಿಗೆ ಬಿತ್ತು: ದೋಸೆ ಹಿಟ್ಟು ರುಬ್ಬುವ ಕಲ್ಲು, ಅದಕ್ಕೆ ಎರಡು ಹಾರ್ಸ್ ಪವರಿನ ಮೋಟರ್. ಕಾರು ಎಷ್ಟು ಕಲ್ಲು ತಿರುಗಿಸುತ್ತದೋ ಅದರ ಇಮ್ಮಡಿ ಅದರ ಬಲ. ಇಡೀ ದೇಶದಲ್ಲಿ ಇದು ಮೊದಲು ಹೊಳೆದದ್ದು ನನಗೇ.

ಹೋಟೆಲ್ ಮಾಲೀಕರು ಕಲ್ಲು ಕೊಡಲು ಒಪ್ಪಿದರು. "ಖಾಲಿ ಕಲ್ಲು ತಿರುಗಿಸಿದ್ರೆ ಹಾಳಾಗ್ತದೆ ಮಾರಾಯ. ಅಕ್ಕಿ ಉದ್ದು ಹಾಕಿಯೇ ಆಗ್ಬೇಕು." ಗೋರೆಗಾಂವ್‌ವರೆಗಿನ ಹೋಟೆಲುಗಳಿಗೆ ಅವರೇ ಸುದ್ದಿ ಮುಟ್ಟಿಸಿದರು. ಭಾನುವಾರ ಬೆಳಿಗ್ಗೆ ಕೈಗಾಡಿಗಳ ಮೇಲೆ ಮೂವತ್ತು ಕಲ್ಲು ಬಂದವು, ನೆನೆಸಿದ ಅಕ್ಕಿ ಸಮೇತ. ಸಾಹೇಬರು ಮಾತ್ರ, "ನನ್ನ ಕಾರು ಹಿಟ್ಟು ರುಬ್ಬುವುದನ್ನು ನಾನು ನೋಡಲಾರೆ" ಅಂತ ಬರಲಿಲ್ಲ.

ಕಾರಿನ ಹಿಂದಿನ ಚಕ್ರ ಬಿಚ್ಚಿ, ಆ ಜಾಗಕ್ಕೆ ಉದ್ದನೆಯ ಕಬ್ಬಿಣದ ದಂಡ ಜೋಡಿಸಿ, ಅದಕ್ಕೆ ರಬ್ಬರ್ ಪಟ್ಟಾ ಕಟ್ಟಿ, ಒಂದೊಂದೇ ಕಲ್ಲು ಹೂಡುತ್ತ ಹೋದೆ. ಹನ್ನೆರಡನೆಯ ಕಲ್ಲಿಗೆ ಬಸವನಹುಳು ಸೀಟಿ ಹೊಡೆಯಿತು. ಇಪ್ಪತ್ತನೆಯದಕ್ಕೆ ಹಿಟ್ಟು ಸಿಡಿದು ಎದುರಿನ ಚಾಳಿನ ಎರಡನೇ ಮಹಡಿಗೆ ಬಡಿಯಿತು. ಅಲ್ಲಿ ಬಟ್ಟೆ ಒಣಹಾಕುತ್ತಿದ್ದ ಅಜ್ಜಿಯ ಮುಖ ಬೆಳ್ಳಗಾಯಿತು. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅಜ್ಜಿ ನಾಲಿಗೆ ಚಪ್ಪರಿಸಿ ಕೂಗಿದಳು, "ಉಪ್ಪು ಹಾಕಿಲ್ಲ!"

೪. ಹೆಬ್ಬೆಟ್ಟು

ಇಪ್ಪತ್ತೊಂಬತ್ತು ಕಲ್ಲು ತಿರುಗಿದವು. ಮೂವತ್ತನೆಯದಕ್ಕೆ ಪಟ್ಟಾ ಹಾಕಿದ ಕೂಡಲೇ ಎಂಜಿನ್ ಕೆಮ್ಮಿ ನಿಂತಿತು. ಐವತ್ತೆಂಟು! ಸೇಠ್ ತನ್ನ ಕರ್ಚೀಫಿನಿಂದಲೇ ಕುರ್ಚಿ ಒರೆಸಿ ನನ್ನನ್ನು ಕೂರಿಸಿದ.

ಸಂಜೆ ಸಾಹೇಬರು ಕಾಗದ ಕೇಳಿಕೊಂಡು ಬಂದರು. ಆಗ ನನಗೆ ಓದಲು ಬರೆಯಲು ಬರುತ್ತಿರಲಿಲ್ಲ. ಹುಬ್ಬಳ್ಳಿಯವನೇ ಇಂಗ್ಲಿಷಿನಲ್ಲಿ ಬರೆದ. ನಾನು ಹೆಬ್ಬೆಟ್ಟನ್ನು ಗ್ರೀಸಿಗೆ ಅದ್ದಿ ಗಟ್ಟಿಯಾಗಿ ಒತ್ತಿದೆ. ಸೇಠ್ ಓದಿ ಕೆಮ್ಮಿ, ಕಾಗದವನ್ನು ಸಾಹೇಬರ ಕೈಗಿಟ್ಟ. ಸಾಹೇಬರು ಓದಿ ನನ್ನನ್ನು ಅಪ್ಪಿಕೊಂಡರು. "ಇಡೀ ಮುಂಬಯಿಯಲ್ಲಿ ನೀನೊಬ್ಬನೇ ಪ್ರಾಮಾಣಿಕ!" ನನ್ನ ಸತ್ಯಕ್ಕೆ ಸಾಹೇಬರೂ ಬಾಗಿದರು ಅಂತ ಎದೆಯುಬ್ಬಿಸಿ ನಿಂತೆ.

ನಾಲ್ಕು ವರ್ಷ ಕಳೆಯಿತು. ಅಷ್ಟರಲ್ಲಿ ನಾನು ರಾತ್ರಿ ಶಾಲೆ ಸೇರಿ, ಕನ್ನಡ ಕಲಿತು, ಇಂಗ್ಲಿಷ್ ಅಕ್ಷರಕ್ಕೂ ಕೈ ಹಾಕಿದ್ದೆ. ಒಂದು ದಿನ ಅದೇ ಕಾರು ಬ್ರೇಕ್ ಕೆಲಸಕ್ಕೆ ಬಂತು. ಡ್ಯಾಶ್‌ಬೋರ್ಡಿಗೆ ಆ ಕಾಗದವನ್ನು ಗಾಜು ಹಾಕಿಸಿ ಅಂಟಿಸಿದ್ದರು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. "ನೈಂಟಿ." ಕೆಳಗೆ ನನ್ನ ಹೆಬ್ಬೆಟ್ಟು.

ಹುಬ್ಬಳ್ಳಿಯವನ ಕೊರಳಪಟ್ಟಿ ಹಿಡಿದೆ. ಅವನು ಗಾಬರಿಯಾಗಲಿಲ್ಲ.

"ಅಣ್ಣಾ, ಐವತ್ತೆಂಟು ಅಂತ ಬರೆದಿದ್ದರ ಸಾಹೇಬ ಕಾರು ಒಯ್ತಿದ್ದ, ಸೇಠ್ ನಿನ್ನ ಕುರ್ಚಿ ಒಯ್ತಿದ್ದ. ನಾಕು ವರ್ಷ ಕುಂತೀಯೋ ಇಲ್ಲೋ?"

ಕೊರಳಪಟ್ಟಿ ಬಿಟ್ಟೆ. ನಿಂತಲ್ಲೇ ಲೆಕ್ಕ ಹಾಕಿದೆ. ಕಾರು ಎಳೆದದ್ದು ಐವತ್ತೆಂಟು. ಕಾಗದದಲ್ಲಿರುವುದು ತೊಂಬತ್ತು. ನಡುವಿನ ಮೂವತ್ತೆರಡು ಕುದುರೆಯನ್ನು ನಾಲ್ಕು ವರ್ಷ ನನ್ನ ಹೆಬ್ಬೆಟ್ಟೊಂದೇ ಎಳೆದಿದೆ, ಅದೂ ಒಂದು ಹನಿ ಪೆಟ್ರೋಲ್ ಕುಡಿಯದೆ.